ಪತಾತಾಸ್ ಬ್ರಾವಾಸ್: ಮ್ಯಾಡ್ರಿಡ್‌ನ ಖಾರದ ಆಲೂಗಡ್ಡೆ ನಮ್ಮ ಒಲೆಯ ಮೇಲೆ

ಮೊದಲ ಸಲ ಪತಾತಾಸ್ ಬ್ರಾವಾಸ್ ಮಾಡಿದ ದಿನ ಮನೆಯಲ್ಲಿ ಎಲ್ಲರೂ ಕೆಮ್ಮಿದರು. ಆಲೂಗಡ್ಡೆ ಗರಿಗರಿಯಾಗಿಯೇ ಬಂದಿತ್ತು. ಸಾಸ್ ಮಾತ್ರ ಇಟ್ಟಿಗೆ ಪುಡಿ ಕಲಸಿದ ಬಣ್ಣಕ್ಕೆ ತಿರುಗಿ, ಬಾಯಿಗಿಟ್ಟರೆ ಕಹಿ. ಕಾದ ಎಣ್ಣೆಗೆ ಮೆಣಸಿನ ಪುಡಿ ಸುರಿದು, ಫೋನ್ ಬಂತೆಂದು ಅತ್ತ ತಿರುಗಿದ್ದೆ. ಅರ್ಧ ನಿಮಿಷವೂ ಆಗಿರಲಿಲ್ಲ. ಈ ತಿನಿಸಿನ ಕಷ್ಟವೆಲ್ಲ ಆ ಅರ್ಧ ನಿಮಿಷದಲ್ಲಿದೆ. ಉಳಿದದ್ದು ಬೋಂಡ ಕರಿದು ಪಳಗಿದ ಕೈಗೆ ಹೊಸದೇನಲ್ಲ.

‘ಪತಾತಾಸ್’ ಎಂದರೆ ಆಲೂಗಡ್ಡೆಗಳು. ‘ಬ್ರಾವಾಸ್’ ಎಂದರೆ ರೋಷವುಳ್ಳವು. ಕಾಳಗದ ಗೂಳಿಗೆ ಸ್ಪೇನಿನವರು ಬಳಸುವ ವಿಶೇಷಣವೂ ಇದೇ. ಹೆಸರು ಕೇಳಿ ಹೆದರಬೇಕಾಗಿಲ್ಲ. ಸ್ಪೇನಿನವರು ಖಾರ ತಿನ್ನುವ ಜನರಲ್ಲ, ಹಾಗಾಗಿ ಅವರಿಗೆ ರೋಷವೆನಿಸಿದ್ದು ನಮ್ಮ ನಾಲಿಗೆಗೆ ಹುಸಿಮುನಿಸು. ಮ್ಯಾಡ್ರಿಡ್‌ನ ಬಾರುಗಳಲ್ಲಿ ಸಣ್ಣ ಲೋಟದ ಬಿಯರ್ ಜೊತೆ, ನಾಲ್ಕು ಜನರ ನಡುವೆ ಒಂದೇ ತಟ್ಟೆ ಇಟ್ಟು, ಹಲ್ಲುಕಡ್ಡಿಯಿಂದ ಚುಚ್ಚಿ ತಿನ್ನುವ ಅಗ್ಗದ ತಿನಿಸು ಇದು. ಇಂಥ ಚಿಕ್ಕ ತಟ್ಟೆಯ ತಿನಿಸುಗಳಿಗೆ ಅಲ್ಲಿ ತಪಾಸ್ ಎಂಬ ಹೆಸರಿದೆ. ಬ್ರಾವಾಸ್ ಮೊದಲು ಹುಟ್ಟಿದ್ದು ಎಲ್ಲಿ ಎಂಬ ಜಗಳಕ್ಕೆ ಕೊನೆಯಿಲ್ಲ. ನಗರದ ಹೃದಯಭಾಗದಲ್ಲಿರುವ ‘ಲಾಸ್ ಬ್ರಾವಾಸ್’ ಎಂಬ ಬಾರು ತನ್ನ ಸಾಸಿಗೆ ಪೇಟೆಂಟ್ ಇದೆಯೆಂದು ಹೇಳಿಕೊಳ್ಳುತ್ತದೆ. ಅಲ್ಕಲಾ ಬೀದಿಯ ‘ದೊಕಾಮಾರ್’ 1963ರಿಂದ ಇದೆ. ಬ್ರಾವಾಸ್ ಎಂದರೆ ಅಲ್ಲಿಗೇ ಹೋಗಬೇಕೆನ್ನುವವರ ಗುಂಪು ದೊಡ್ಡದು.

ಟೊಮೆಟೊ ಬೇಕೋ ಬೇಡವೋ

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಹೆಚ್ಚಿನ ವಿಧಾನಗಳಲ್ಲಿ ಟೊಮೆಟೊ ಇರುತ್ತದೆ. ಕೆಲವರಂತೂ ಟೊಮೆಟೊ ಕೆಚಪ್ಪಿಗೆ ಖಾರದ ಪುಡಿ ಬೆರೆಸಿ ಕೈತೊಳೆದುಕೊಳ್ಳುತ್ತಾರೆ. ಮ್ಯಾಡ್ರಿಡ್‌ನ ಹಳೆಯ ರೀತಿಯ ಸಾಸಿನಲ್ಲಿ ಟೊಮೆಟೊ ಇಲ್ಲ. ಆಲಿವ್ ಎಣ್ಣೆ, ಈರುಳ್ಳಿ, ಮೈದಾ, ಕೆಂಪು ಮೆಣಸಿನ ಪುಡಿ, ತರಕಾರಿ ಅಥವಾ ಮೂಳೆ ಬೇಯಿಸಿದ ತಿಳಿ ನೀರು, ಒಂದಿಷ್ಟು ವಿನೆಗರ್, ಅಷ್ಟೇ. ಅದರ ಕೆಂಪು ಪೂರ್ತಿ ಮೆಣಸಿನಕಾಯಿಯದು. ಟೊಮೆಟೊ ಹಾಕಿದ ಸಾಸ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಸ್ಪೇನಿನಲ್ಲೇ ಎಷ್ಟೋ ಮನೆಗಳಲ್ಲಿ ಹಾಗೆಯೇ ಮಾಡುತ್ತಾರೆ. ಆದರೆ ಟೊಮೆಟೊದ ಹುಳಿ ಮುಂದೆ ಬಂದು ನಿಂತರೆ ಮೆಣಸಿನಕಾಯಿಯ ಹೊಗೆಯ ಪರಿಮಳ ಹಿಂದೆ ಸರಿಯುತ್ತದೆ. ಆ ಪರಿಮಳವಿಲ್ಲದ ಮೇಲೆ ಇದು ಬರಿಯ ಕರಿದ ಆಲೂಗಡ್ಡೆ. ಹಾಗಾಗಿ ಇಲ್ಲಿ ಟೊಮೆಟೊ ಇಲ್ಲದ ಸಾಸನ್ನೇ ಹೇಳುತ್ತಿದ್ದೇನೆ.

ಪಿಮೆಂತೋನ್ ಮತ್ತು ಬ್ಯಾಡಗಿ

ಆ ಕೆಂಪು ಪುಡಿಯ ಹೆಸರು ಪಿಮೆಂತೋನ್. ಮೆಣಸಿನಕಾಯಿ ಅಮೆರಿಕ ಖಂಡದಿಂದ ಸ್ಪೇನಿಗೆ ಬಂತು, ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೂ ಬಂತು; ಆಲೂಗಡ್ಡೆಯ ತವರೂ ಅದೇ ಖಂಡ. ಪಿಮೆಂತೋನ್‌ಗೆ ಹೆಸರಾದ ಜಾಗ ಪಶ್ಚಿಮ ಸ್ಪೇನಿನ ಎಸ್ತ್ರೆಮದೂರಾ ಪ್ರಾಂತದ ಲಾ ವೆರಾ ಕಣಿವೆ. ಅಲ್ಲಿ ಮೆಣಸಿನಕಾಯಿ ಕೊಯ್ಲಿಗೆ ಬರುವ ಹೊತ್ತಿಗೆ ಶರತ್ಕಾಲದ ಮಳೆಯೂ ಬರುತ್ತದೆ. ಬಿಸಿಲಿಗೆ ಹರಡಿದರೆ ಕೊಳೆಯುತ್ತದೆ. ಹಾಗಾಗಿ ಅಲ್ಲಿನವರು ಕಾಯಿಯನ್ನು ಅಟ್ಟದ ಮೇಲೆ ಹರಡಿ, ಕೆಳಗೆ ಓಕ್ ಕಟ್ಟಿಗೆಯ ಮಂದ ಬೆಂಕಿ ಹಾಕಿ, ದಿನವೂ ಕೈಯಿಂದ ತಿರುವಿ ಹಾಕುತ್ತ ಸುಮಾರು ಎರಡು ವಾರ ಹೊಗೆಯಲ್ಲೇ ಒಣಗಿಸುತ್ತಾರೆ. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ, ಮುರುಗಲ ಒಣಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲು ಧಾರಾಳವಾಗಿರುವ ಮೂರ್ಸಿಯಾದ ಕಡೆ ಪಿಮೆಂತೋನ್ ಬಿಸಿಲಲ್ಲೇ ಒಣಗುತ್ತದೆ, ಅದರಲ್ಲಿ ಹೊಗೆಯ ವಾಸನೆ ಇರುವುದಿಲ್ಲ.

ಲಾ ವೆರಾದ ಪುಡಿ ಮೂರು ಬಗೆಯಲ್ಲಿ ಸಿಗುತ್ತದೆ: ಖಾರವಿಲ್ಲದ ‘ದುಲ್ಸೆ’, ನಡುವಿನ ‘ಅಗ್ರಿದುಲ್ಸೆ’, ಖಾರದ ‘ಪಿಕಾಂತೆ’. ಬ್ರಾವಾಸ್‌ಗೆ ಮೊದಲನೆಯದು ಮತ್ತು ಮೂರನೆಯದು ಎರಡೂ ಬೇಕು. ದೊಡ್ಡ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ‘ಸ್ಮೋಕ್ಡ್ ಪಾಪ್ರಿಕಾ’ ಎಂಬ ಡಬ್ಬಿ ಸಿಕ್ಕರೆ ಅದನ್ನೇ ಬಳಸಿ.

ಸಿಗದಿದ್ದರೆ ಚಿಂತೆ ಬೇಡ, ನಮ್ಮಲ್ಲಿ ಬ್ಯಾಡಗಿ ಇದೆ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಗಾಢ ಬಣ್ಣ, ಕಡಿಮೆ ಖಾರ ಎಂಬುದೇ ಅದರ ಗುಣ. ಪಾಪ್ರಿಕಾದ ಗುಣವೂ ಅದೇ. ಕಡ್ಡಿ, ಡಬ್ಬಿ ಎಂಬ ಎರಡು ಬಗೆಗಳಲ್ಲಿ ದುಂಡಗಿನ ಡಬ್ಬಿ ಇದಕ್ಕೆ ಹೆಚ್ಚು ಒಪ್ಪುತ್ತದೆ. ಹತ್ತು ಹನ್ನೆರಡು ಕಾಯಿಗಳ ತೊಟ್ಟು, ಬೀಜ ತೆಗೆದು, ಬಾಣಲೆಯಲ್ಲಿ ಬರೀ ಬೆಚ್ಚಗಾಗುವಷ್ಟು ಬಿಸಿ ಮಾಡಿ, ಆರಿದ ಮೇಲೆ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಸಾರಿನ ಪುಡಿಗೆ ಹುರಿಯುವಂತೆ ಹುರಿಯಬಾರದು. ಖಾರಕ್ಕೆ ಕಾಲು ಚಮಚ ಗುಂಟೂರು ಪುಡಿ ಸಾಕು. ಅಂದ ಹಾಗೆ, ಕೆಂಪಗಿದೆಯೆಂದು ಹುಳಿಪುಡಿಯ ಡಬ್ಬಿಗೆ ಕೈ ಹಾಕಬೇಡಿ. ಕೊತ್ತಂಬರಿ, ಮೆಂತ್ಯ ಸೇರಿದ ಕೂಡಲೇ ತಟ್ಟೆಯಲ್ಲಿರುವುದು ಆಲೂಗಡ್ಡೆ ಪಲ್ಯವಾಗುತ್ತದೆ. ಬ್ಯಾಡಗಿಯಲ್ಲಿ ಹೊಗೆ ಇಲ್ಲವಲ್ಲ, ಅದಕ್ಕೊಂದು ಉಪಾಯವಿದೆ. ಸಾಸಿನ ಕೊನೆಯಲ್ಲಿ ಹೇಳುತ್ತೇನೆ.

ಬೇಕಾಗುವ ಸಾಮಾನು (ನಾಲ್ಕು ಜನರಿಗೆ)

ಆಲೂಗಡ್ಡೆ 800 ಗ್ರಾಂ. ಕರಿಯಲು ಮುಕ್ಕಾಲು ಲೀಟರ್ ಎಣ್ಣೆ. ಸ್ಪೇನಿನಲ್ಲಿ ಆಲಿವ್ ಎಣ್ಣೆಯಲ್ಲೇ ಕರಿಯುವವರಿದ್ದಾರೆ, ನಮಗೆ ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು.

ಸಾಸಿಗೆ: ಆಲಿವ್ ಎಣ್ಣೆ 4 ದೊಡ್ಡ ಚಮಚ, ಮಧ್ಯಮ ಗಾತ್ರದ ಈರುಳ್ಳಿ 1, ಬೆಳ್ಳುಳ್ಳಿ 2 ಎಸಳು, ಮೈದಾ ಒಂದೂವರೆ ದೊಡ್ಡ ಚಮಚ, ಖಾರವಿಲ್ಲದ ಪಿಮೆಂತೋನ್ ಅಥವಾ ಬ್ಯಾಡಗಿ ಪುಡಿ 1 ದೊಡ್ಡ ಚಮಚ, ಖಾರದ ಪಿಮೆಂತೋನ್ 1 ಚಿಕ್ಕ ಚಮಚ (ಇಲ್ಲವೇ ಮೇಲೆ ಹೇಳಿದ ಗುಂಟೂರು ಪುಡಿ), ತರಕಾರಿ ಬೇಯಿಸಿದ ನೀರು 300 ಮಿಲಿ ಲೀಟರ್, ವಿನೆಗರ್ 2 ಚಿಕ್ಕ ಚಮಚ, ಉಪ್ಪು.

ಬಾರುಗಳಲ್ಲಿ ಆ ನೀರಿಗೆ ಕೋಳಿ ಅಥವಾ ಹಂದಿಯ ಮೂಳೆ ಬೇಯಿಸುವುದುಂಟು. ಒಂದು ಕ್ಯಾರೆಟ್, ಅರ್ಧ ಈರುಳ್ಳಿ, ಒಂದು ಪಲಾವ್ ಎಲೆ ಹಾಕಿ ಅರ್ಧ ಗಂಟೆ ಕುದಿಸಿ ಸೋಸಿದರೆ ಸಸ್ಯಾಹಾರಿಗಳಿಗೂ ನಡೆಯುತ್ತದೆ. ವಿನೆಗರ್ ಶೆರಿ ಎಂಬ ಸ್ಪೇನಿನ ವೈನಿನದಾದರೆ ಅತ್ಯುತ್ತಮ, ಸೇಬಿನದಾದರೂ ಸರಿ. ಬಿಳಿಯ ಸಿಂಥೆಟಿಕ್ ವಿನೆಗರ್ ಆದರೆ ಅರ್ಧ ಅಳತೆ. ನಿಂಬೆರಸ ಹಿಂಡಿದರೆ ಚಿತ್ರಾನ್ನದ ನೆನಪು ಬರುತ್ತದೆ, ಬೇಡ.

ಮೊದಲು ಸಾಸ್

ಸಾಸನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳಬೇಕು. ಒಂದು ಗಂಟೆ ಕೂತರೆ ಅದರ ರುಚಿ ಹದಕ್ಕೆ ಬರುತ್ತದೆ, ಆಲೂಗಡ್ಡೆ ಕರಿಯುವಾಗ ಕೈಯೂ ಬಿಡುವಾಗಿರುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಆಲಿವ್ ಎಣ್ಣೆ ಹಾಕಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಚಿಟಿಕೆ ಉಪ್ಪಿನ ಜೊತೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ. ಕಂದು ಬಣ್ಣ ಬರಬಾರದು, ಮೆತ್ತಗಾಗಿ ಪಾರದರ್ಶಕವಾದರೆ ಸಾಕು. ಜಜ್ಜಿದ ಬೆಳ್ಳುಳ್ಳಿ ಹಾಕಿ ಒಂದು ನಿಮಿಷ. ನಂತರ ಮೈದಾ ಉದುರಿಸಿ, ಹಸಿ ವಾಸನೆ ಹೋಗುವವರೆಗೆ, ಅಂದರೆ ಎರಡು ನಿಮಿಷ ಕೈಬಿಡದೆ ತಿರುವಿ.

ಈಗ ಒಲೆ ಆರಿಸಿ. ಉರಿ ಸಣ್ಣ ಮಾಡಿದರೆ ಸಾಲದು, ಪೂರ್ತಿ ಆರಿಸಿ, ಪಾತ್ರೆಯನ್ನು ಪಕ್ಕಕ್ಕಿಳಿಸಿ. ಎಣ್ಣೆಯ ಚುರುಗುಟ್ಟುವ ಸದ್ದು ನಿಲ್ಲುವವರೆಗೆ ಕಾಯಿರಿ. ವಿನೆಗರ್ ಅಳೆದು ಕೈಯಳತೆಯಲ್ಲಿ ಇಟ್ಟುಕೊಂಡು, ಎರಡೂ ಮೆಣಸಿನ ಪುಡಿಗಳನ್ನು ಒಟ್ಟಿಗೆ ಹಾಕಿ ಕಲಕಿ. ನೋಡುತ್ತಿದ್ದಂತೆಯೇ ಎಣ್ಣೆ ಕೆಂಪೇರುತ್ತದೆ: ಮೊದಲು ಕುಂಕುಮದ ಕೆಂಪು, ಹತ್ತು ಸೆಕೆಂಡು ಕಳೆದರೆ ಮಾಣಿಕ್ಯದ ಕೆಂಪು. ವಾಸನೆ ಸಿಹಿಯಾಗಿ, ಸುಟ್ಟ ಮರದಂತೆ ಏಳುತ್ತದೆ. ಆ ಘಳಿಗೆಗೇ ವಿನೆಗರ್ ಹಾಕಿಬಿಡಿ. ಅದರ ನೀರು ಬಿಸಿಯನ್ನು ಇಳಿಸಿ, ಪುಡಿ ಸೀಯುವುದನ್ನು ತಡೆಯುತ್ತದೆ. ಮೆಣಸಿನಕಾಯಿಯಲ್ಲಿ ಸಕ್ಕರೆಯ ಅಂಶ ಸಾಕಷ್ಟಿದೆ, ನುಣ್ಣನೆಯ ಪುಡಿಯಾದ್ದರಿಂದ ಕಾದ ಎಣ್ಣೆಯಲ್ಲಿ ಕ್ಷಣದಲ್ಲಿ ಸೀಯುತ್ತದೆ. ಒಗ್ಗರಣೆಗೆ ಇಂಗು ಹಾಕಿದ ಕೂಡಲೇ ಬಾಣಲೆ ಇಳಿಸುತ್ತೇವಲ್ಲ, ಇಲ್ಲಿಯೂ ಅದೇ ಎಚ್ಚರ. ಬಣ್ಣ ಕಂದಿಗೆ ತಿರುಗಿ ಘಾಟು ಎದ್ದರೆ ಆ ಸಾಸನ್ನು ಯಾವ ಸಕ್ಕರೆಯೂ ಉಳಿಸುವುದಿಲ್ಲ. ಚೆಲ್ಲಿ ಮತ್ತೆ ಶುರು ಮಾಡುವುದೇ ಮೇಲು. ನಾನು ಎರಡು ಸಲ ಚೆಲ್ಲಿದ್ದೇನೆ.

ತರಕಾರಿ ನೀರನ್ನು ಒಮ್ಮೆಗೇ ಸುರಿಯದೆ ಸೌಟು ಸೌಟಾಗಿ ಹಾಕುತ್ತ ಕಲಕಿದರೆ ಗಂಟು ಕಟ್ಟುವುದಿಲ್ಲ. ಮತ್ತೆ ಒಲೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಕುದಿಸಿ. ಸ್ವಲ್ಪ ಆರಿದ ಮೇಲೆ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ ಸೋಸಿ, ಉಪ್ಪು ನೋಡಿ. ಹದ ಹೇಗಿರಬೇಕೆಂದರೆ ಗಂಜಿಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಸೌಟಿನ ಬೆನ್ನಿಗೆ ಅಂಟಿದ ಸಾಸಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳಬಾರದು. ಆರಿದಂತೆ ಗಟ್ಟಿಯಾಗುತ್ತದೆ, ಬಡಿಸುವ ಮುಂಚೆ ಬಿಸಿನೀರು ಬೆರೆಸಿ ಸರಿಪಡಿಸಿಕೊಳ್ಳಬಹುದು.

ಬ್ಯಾಡಗಿ ಬಳಸಿದವರು ಹೊಗೆ ಕೊಡಬೇಕಾದದ್ದು ಈಗ. ಒಂದು ಇದ್ದಿಲ ಚೂರನ್ನು ಒಲೆಯ ಮೇಲೆ ನಿಗಿನಿಗಿ ಕೆಂಪಾಗುವಂತೆ ಕಾಯಿಸಿ, ಸಣ್ಣ ಸ್ಟೀಲ್ ಬಟ್ಟಲಲ್ಲಿಟ್ಟು, ಆ ಬಟ್ಟಲನ್ನು ಸಾಸಿನ ನಡುವೆ ತೇಲಬಿಡಿ. ಕೆಂಡದ ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು ತಕ್ಷಣ ಮುಚ್ಚಳ ಮುಚ್ಚಿ ಮೂರು ನಿಮಿಷ ಬಿಡಿ. ತುಪ್ಪ ಬಿಡಬೇಡಿ, ಅದರ ಪರಿಮಳ ಬೇರೆ ಊರಿನದು. ಐದು ನಿಮಿಷ ದಾಟಿದರೆ ಸಾಸ್ ಬೂದಿಯ ರುಚಿಗೆ ತಿರುಗುತ್ತದೆ. ಓಕ್ ಹೊಗೆಯ ಗಾಂಭೀರ್ಯ ಇದಕ್ಕೆ ಬಾರದು, ಆದರೂ ಹೊಗೆಯೇ ಇಲ್ಲದ ಸಾಸಿಗಿಂತ ಮ್ಯಾಡ್ರಿಡ್‌ಗೆ ಬಹಳ ಹತ್ತಿರ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ.

ಆಲೂಗಡ್ಡೆಯ ಆಯ್ಕೆ

ಕರಿಯಲು ಹಿಟ್ಟಿನ ಅಂಶ ಹೆಚ್ಚಿರುವ, ನೀರು ಕಡಿಮೆಯಿರುವ ಆಲೂಗಡ್ಡೆ ಬೇಕು. ಸ್ಪೇನಿನಲ್ಲಿ ಇದಕ್ಕೆ ‘ಆಗ್ರಿಯಾ’ ಎಂಬ ಹಳದಿ ತಿರುಳಿನ ತಳಿ ಪ್ರಸಿದ್ಧ. ನಮ್ಮಲ್ಲಿ ಹಾಸನದ ಕಡೆ ಮಳೆಗಾಲದಲ್ಲಿ ಬೆಳೆಯುವ ‘ಕುಫ್ರಿ ಜ್ಯೋತಿ’ ಎಲ್ಲೆಡೆ ಸಿಗುತ್ತದೆ, ಕೆಲಸಕ್ಕೂ ಬರುತ್ತದೆ. ಆಗತಾನೇ ಕಿತ್ತ, ಉಗುರಿನಿಂದ ಕೆರೆದರೆ ಸಿಪ್ಪೆ ಸುಲಿಯುವ ಎಳೆಯ ಗಡ್ಡೆ ಬೇಡ, ಅದು ಹುಳಿಗೆ ಚೆಂದ. ಚಿಪ್ಸ್ ಮಾಡುವವರಿಗೆಂದು ಮಾರುವ ‘ಚಿಪ್ಸೋನಾ’ ಸಿಕ್ಕರೆ ಅದೃಷ್ಟ.

ಅಂಗಡಿಯವರ ಮಾತಿನ ಮೇಲೆ ನಂಬಿಕೆಯಿಲ್ಲದಿದ್ದರೆ ಒಂದು ಪರೀಕ್ಷೆ ಇದೆ. ಒಂದು ಅಳತೆ ಉಪ್ಪಿಗೆ ಹನ್ನೊಂದು ಅಳತೆ ನೀರು ಬೆರೆಸಿ ಗಡ್ಡೆಯನ್ನು ಅದರಲ್ಲಿ ಬಿಡಿ. ಮುಳುಗಿದರೆ ಹಿಟ್ಟು ಹೆಚ್ಚು, ಕರಿಯಿರಿ. ತೇಲಿದರೆ ನೀರು ಹೆಚ್ಚು, ಪಲ್ಯ ಮಾಡಿ. ಶೀತಲಗೃಹದಿಂದ ಬಂದ ಗಡ್ಡೆಗೆ ಇನ್ನೊಂದು ಕಾಟ. ತಂಪಿನಲ್ಲಿ ಅದರ ಹಿಟ್ಟು ಸಕ್ಕರೆಯಾಗಿ ಬದಲಾಗುತ್ತದೆ. ಅಂಥದನ್ನು ಕರಿದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಒಂದೆರಡು ವಾರ ಮನೆಯ ಮೂಲೆಯಲ್ಲಿ, ಕತ್ತಲೆಯಲ್ಲಿ ಹರಡಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅದೇ ಕಾರಣಕ್ಕೆ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿ ಇಡಬಾರದು. ಹಸಿರಾಗಿದ್ದರೆ ಎಸೆಯಿರಿ.

ಸಿಪ್ಪೆ ತೆಗೆದು ಮೂರು ಸೆಂಟಿಮೀಟರ್ ಗಾತ್ರದ ಹೋಳು ಮಾಡಿ. ಅಳೆದು ಕತ್ತರಿಸಿದ ಚೌಕಗಳು ಬೇಡ. ಚಾಕುವನ್ನು ಮುಕ್ಕಾಲು ಭಾಗ ಇಳಿಸಿ, ಮಣಿಕಟ್ಟು ತಿರುಗಿಸಿದರೆ ‘ಟಕ್’ ಎಂದು ಹೋಳು ಬಿರಿದು ಬರುತ್ತದೆ. ಹಾಗೆ ಬಿರಿದ ಮೈ ಒರಟಾಗಿರುವುದರಿಂದ ಕರಿದಾಗ ಹೆಚ್ಚು ಗರಿಯಾಗುತ್ತದೆ, ಸಾಸೂ ಅದಕ್ಕೇ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹೋಳುಗಳನ್ನು ಎರಡು ಸಲ ತೊಳೆದು, ಬಟ್ಟೆಯಲ್ಲಿ ಸುತ್ತಿ ಒತ್ತಿ ಒರೆಸಿ. ತೇವ ಉಳಿದರೆ ಎಣ್ಣೆ ಸಿಡಿಯುತ್ತದೆ.

ಎರಡು ಸಲ ಕರಿಯುವುದು

ಬಾಣಲೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಬರಬಾರದು. ಮೊದಲ ಸಲಕ್ಕೆ ಎಣ್ಣೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹೋಳು ಹಾಕಿ ನೋಡಿ: ಅದು ತಳಕ್ಕೆ ಹೋಗಿ, ಸುತ್ತ ಸೋಮಾರಿ ಗುಳ್ಳೆಗಳು ಒಂದೊಂದಾಗಿ ಏಳಬೇಕು. ಹೋಳುಗಳನ್ನು ಎರಡು ಕಂತಿನಲ್ಲಿ ಹಾಕಿ, ಕಂತಿಗೆ ಹತ್ತರಿಂದ ಹನ್ನೆರಡು ನಿಮಿಷ ಹೀಗೆಯೇ ಬೇಯಿಸಿ. ಇದು ಕರಿಯುವುದಕ್ಕಿಂತ ಎಣ್ಣೆಯಲ್ಲಿ ಬೇಯಿಸುವುದೆಂದರೇ ಸರಿ. ಚಾಕುವಿನ ತುದಿ ತಡೆಯಿಲ್ಲದೆ ಇಳಿಯಬೇಕು, ಬಣ್ಣ ಮಾತ್ರ ಬಿಳಿಚಿಕೊಂಡೇ ಇರಬೇಕು. ಜಾಲರಿ ಸೌಟಿನಿಂದ ತೆಗೆದು ಅಗಲವಾದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ.

ಈಗ ಕನಿಷ್ಠ ಇಪ್ಪತ್ತು ನಿಮಿಷ ಆರಬೇಕು. ಆತುರಗಾರರು ಎಡವುವುದು ಇಲ್ಲೇ. ಬಿಸಿ ಹೋಳಿನಿಂದ ಏಳುವ ಹಬೆಯ ಜೊತೆ ಮೇಲ್ಮೈಯ ತೇವ ಹೋಗುತ್ತದೆ, ಬೆಂದ ಹಿಟ್ಟು ಆರಿ ಗಟ್ಟಿಯಾದ ಪದರವಾಗುತ್ತದೆ. ಎರಡನೆಯ ಸಲ ಗರಿಯಾಗುವುದು ಆ ಪದರವೇ. ಬೆಳಿಗ್ಗೆ ಇಷ್ಟು ಮಾಡಿ ಫ್ರಿಜ್‌ನಲ್ಲಿ ಮುಚ್ಚದೆ ಇಟ್ಟು, ಸಂಜೆ ಅತಿಥಿಗಳು ಬಂದ ಮೇಲೆ ಮುಂದುವರಿಸಬಹುದು.

ಎರಡನೆಯ ಸಲಕ್ಕೆ ಎಣ್ಣೆ 185 ಡಿಗ್ರಿಗೆ ಬರಲಿ. ಹೋಳು ಹಾಕಿದ ಕೂಡಲೇ ಮಳೆ ಬಂದಂತೆ ಸದ್ದಾಗಬೇಕು. ಸಣ್ಣ ಸಣ್ಣ ಕಂತುಗಳಲ್ಲಿ ಕರಿಯಿರಿ, ಒಮ್ಮೆಗೇ ತುಂಬಿದರೆ ಎಣ್ಣೆ ತಣ್ಣಗಾಗಿ ಆಲೂಗಡ್ಡೆ ಅದನ್ನು ಕುಡಿಯುತ್ತದೆ. ಮೂರು ನಾಲ್ಕು ನಿಮಿಷಕ್ಕೆ ಹೊಂಬಣ್ಣ ಬಂದು, ಸೌಟಿನಲ್ಲಿ ಕುಲುಕಿದರೆ ಕಡಲೆಕಾಯಿ ಸಿಪ್ಪೆಯಂಥ ಸದ್ದು ಬರುತ್ತದೆ. ತೆಗೆದು, ಎಣ್ಣೆ ಬಸಿಯುತ್ತಿರುವಾಗಲೇ ಉಪ್ಪು ಉದುರಿಸಿ. ಆರಿದ ಮೇಲೆ ಉಪ್ಪು ಅಂಟುವುದಿಲ್ಲ.

ಇಷ್ಟು ಎಣ್ಣೆ ಬೇಡವೆನ್ನುವವರು ಒಂದೂವರೆ ಲೀಟರ್ ನೀರಿಗೆ ಉಪ್ಪು ಮತ್ತು ಕಾಲು ಚಮಚ ಅಡುಗೆ ಸೋಡಾ ಹಾಕಿ ಹೋಳುಗಳನ್ನು ಎಂಟು ನಿಮಿಷ ಕುದಿಸಿ ಬಸಿಯಿರಿ. ಸೋಡಾದಿಂದ ಮೇಲ್ಮೈ ಕರಗಿ ಒರಟಾಗುತ್ತದೆ. ಪಾತ್ರೆಯನ್ನು ಜೋರಾಗಿ ಕುಲುಕಿ, ಮೂರು ಚಮಚ ಎಣ್ಣೆ ಸವರಿ, ಓವನ್‌ನಲ್ಲಿ 220 ಡಿಗ್ರಿಗೆ ಮುಕ್ಕಾಲು ಗಂಟೆ, ಅಥವಾ ಏರ್ ಫ್ರೈಯರ್‌ನಲ್ಲಿ 200 ಡಿಗ್ರಿಗೆ ಇಪ್ಪತ್ತು ನಿಮಿಷ, ನಡುವೆ ಒಮ್ಮೆ ತಿರುವಿ. ರುಚಿಯಾಗಿಯೇ ಇರುತ್ತದೆ. ಕರಿದದ್ದರ ಪಕ್ಕದಲ್ಲಿ ಮಾತ್ರ ಇಡಬೇಡಿ.

ತಟ್ಟೆಗೆ

ಸಾಸ್ ಬಿಸಿ ಮಾಡಿ. ಆಲೂಗಡ್ಡೆಯನ್ನು ತಟ್ಟೆಗೆ ಸುರಿದು, ಮೇಲಿಂದ ಅರ್ಧ ಭಾಗಕ್ಕೆ ಮಾತ್ರ ಸಾಸ್ ಹುಯ್ಯಿರಿ. ಪಾತ್ರೆಯಲ್ಲಿ ಹಾಕಿ ಕಲಸಬಾರದು, ಮುಚ್ಚಳ ಮುಚ್ಚಬಾರದು, ‘ಇನ್ನೊಬ್ಬರು ಬರಲಿ’ ಎಂದು ಕಾಯಬಾರದು. ಐದು ನಿಮಿಷದಲ್ಲಿ ಗರಿ ಹೋಗುತ್ತದೆ. ಬಾರ್ಸಿಲೋನಾದ ಬಾಣಸಿಗ ಸೆರ್ಜಿ ಅರೋಲಾ ಇದಕ್ಕೊಂದು ಉಪಾಯ ಕಂಡುಕೊಂಡರು. ಆಲೂಗಡ್ಡೆಯನ್ನು ಸಣ್ಣ ಕಂಬದಂತೆ ಕೆತ್ತಿ, ನಡುವೆ ಕುಳಿ ತೋಡಿ, ಕರಿದು, ಸಾಸನ್ನು ಆ ಕುಳಿಗೇ ತುಂಬಿದರು. ನೋಡಲು ಸೊಗಸು, ಮನೆಯಲ್ಲಿ ನಾಲ್ಕು ಜನರಿಗೆ ಮಾಡಲು ಹೊರಟರೆ ಮಧ್ಯರಾತ್ರಿಯಾಗುತ್ತದೆ.

ಬಾರ್ಸಿಲೋನಾದವರ ಬಿಳಿ ಸಾಸ್

ಬಾರ್ಸಿಲೋನಾದಲ್ಲಿ ಬ್ರಾವಾಸ್ ಕೇಳಿದರೆ ಕೆಂಪು ಸಾಸ್ ಅಥವಾ ಖಾರದ ಎಣ್ಣೆಯ ಜೊತೆ ಬೆಳ್ಳುಳ್ಳಿಯ ಬಿಳಿ ಸಾಸೂ ಬರುತ್ತದೆ. ಸರಿಯಾ ಬಡಾವಣೆಯ ‘ಬಾರ್ ತೋಮಾಸ್’ ಇದಕ್ಕೆ ಹೆಸರುವಾಸಿ. ಬಿಳಿ ಸಾಸಿಗೆ ‘ಅಲಿಯೋಲಿ’ ಎನ್ನುತ್ತಾರೆ. ಕತಲಾನ್ ನುಡಿಯಲ್ಲಿ ‘ಬೆಳ್ಳುಳ್ಳಿ ಮತ್ತು ಎಣ್ಣೆ’ ಎಂದೇ ಅದರ ಅರ್ಥ. ಹಳೆಯ ಕ್ರಮದಲ್ಲಿ ಬೆಳ್ಳುಳ್ಳಿ, ಉಪ್ಪು ಎರಡನ್ನೇ ಕಲ್ಲಿನಲ್ಲಿ ಅರೆದು, ಎಣ್ಣೆಯನ್ನು ಹನಿ ಹನಿಯಾಗಿ ಬಿಡುತ್ತ ಒಂದೇ ದಿಕ್ಕಿಗೆ ತಿರುವುತ್ತಾರೆ. ಅದಕ್ಕೆ ತಾಳ್ಮೆ ಬೇಕು, ತೋಳೂ ಬೇಕು. ಹೆಚ್ಚಿನವರು ಈಗ ಮೊಟ್ಟೆ ಸೇರಿಸಿ ಸುಲಭ ಮಾಡಿಕೊಳ್ಳುತ್ತಾರೆ.

ಹಸಿ ಮೊಟ್ಟೆ ಬೇಡವೆನ್ನುವವರಿಗೆ ಸ್ಪೇನಿನಲ್ಲೇ ಹಾಲಿನ ದಾರಿಯೊಂದಿದೆ, ‘ಲಾಕ್ತೋನೇಸಾ’ ಎಂದು. ಕಾಯಿಸಿ ಆರಿಸಿದ ಗಟ್ಟಿ ಹಾಲು 100 ಮಿಲಿ ಲೀಟರ್, ಸೂರ್ಯಕಾಂತಿ ಎಣ್ಣೆ 200 ಮಿಲಿ ಲೀಟರ್, ಸಣ್ಣ ಬೆಳ್ಳುಳ್ಳಿ ಎಸಳು ಒಂದು, ಕಾಲು ಚಮಚ ಉಪ್ಪು. ಹಾಲು, ಎಣ್ಣೆ ಎರಡೂ ಕೋಣೆಯ ಬಿಸಿಯಲ್ಲೇ ಇರಬೇಕು. ಹಾಲು ಫ್ರಿಜ್‌ನಿಂದ ಬಂದದ್ದಾದರೆ ಸಾಸ್ ಒಡೆಯುತ್ತದೆ. ಎಲ್ಲವನ್ನೂ ಉದ್ದನೆಯ ಲೋಟಕ್ಕೆ ಹಾಕಿ, ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಊರಿ, ಅಲ್ಲಾಡಿಸದೆ ಅರ್ಧ ನಿಮಿಷ ತಿರುಗಿಸಿ. ತಳದಲ್ಲಿ ಬಿಳಿ ಕೆನೆ ಕಟ್ಟತೊಡಗಿದ ಮೇಲಷ್ಟೇ ಬ್ಲೆಂಡರನ್ನು ನಿಧಾನವಾಗಿ ಮೇಲೆತ್ತಿ. ಕೊನೆಗೆ ಒಂದು ಚಿಕ್ಕ ಚಮಚ ನಿಂಬೆರಸ. ಇಲ್ಲಿ ನಿಂಬೆ ಒಪ್ಪುತ್ತದೆ. ಹೆಚ್ಚು ಬೆಲೆಯ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯನ್ನು ಬ್ಲೆಂಡರಿಗೆ ಹಾಕಿದರೆ ಕಹಿಯಾಗುತ್ತದೆ, ದುಡ್ಡೂ ದಂಡ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿರುವ ಈ ಸಾಸನ್ನು ಹೊರಗೆ ಇಡಬಾರದು. ಫ್ರಿಜ್‌ನಲ್ಲಿಟ್ಟು ಮರುದಿನದೊಳಗೆ ಮುಗಿಸಿ.

ಉಳಿದರೆ

ಕೆಂಪು ಸಾಸ್ ಫ್ರಿಜ್‌ನಲ್ಲಿ ನಾಲ್ಕು ದಿನ ಕೆಡುವುದಿಲ್ಲ. ಕರಿದ ಆಲೂಗಡ್ಡೆ ಉಳಿದರೆ ಮೈಕ್ರೋವೇವ್‌ಗೆ ತೋರಿಸಬೇಡಿ, ಕಾದ ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಹೊರಳಿಸಿ. ನಮ್ಮ ಮನೆಯಲ್ಲಿ ಮರುದಿನ ಬೆಳಿಗ್ಗೆ ಉಳಿದ ಹೋಳುಗಳನ್ನು ಹಾಗೆ ಬಿಸಿ ಮಾಡಿ, ಮೇಲೊಂದು ಮೊಟ್ಟೆ ಹೊಯ್ದು, ಹಳದಿ ಗಟ್ಟಿಯಾಗುವ ಮೊದಲೇ ಇಳಿಸಿ, ಪಾತ್ರೆಯ ತಳದಲ್ಲಿ ಉಳಿದ ಸಾಸನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ತಿನ್ನುತ್ತೇವೆ. ಸಾಸನ್ನು ಎರಡರಷ್ಟು ಮಾಡುವ ರೂಢಿ ಬಂದದ್ದೇ ಇದಕ್ಕಾಗಿ.